ಕೆನಡಾದ ಗೋಧಿ ಮಂಡಳಿ: ಆಸ್ತಿ ಯಾರದು?

ತಲೆಮಾರುಗಳ ಕಾಲ ತಮ್ಮ ಬೆಳೆಯ ಹಣದಿಂದ ಒಂದು ಸಂಸ್ಥೆಯನ್ನು ನಡೆಸಿದವರು ಅದರ ಒಡೆಯರಾಗುತ್ತಾರೆಯೆ? ಕೆನಡಾದ ಪಶ್ಚಿಮ ಪ್ರಾಂತ್ಯಗಳ ಗೋಧಿ ಬೆಳೆಗಾರರು ಈ ಪ್ರಶ್ನೆಯನ್ನು ನ್ಯಾಯಾಲಯದ ಮುಂದಿಟ್ಟರು. ಅವರಿಗೆ ದೊರೆತ ಉತ್ತರವನ್ನು ನಾವು ತಿಳಿದುಕೊಳ್ಳುವುದು ಒಳ್ಳೆಯದು.

1930ರ ದಶಕದ ಆರ್ಥಿಕ ಕುಸಿತದಲ್ಲಿ ಗೋಧಿಯ ಬೆಲೆ ನೆಲಕಚ್ಚಿತು. ರೈತರೇ ಕಟ್ಟಿದ್ದ ಸಹಕಾರಿ ಒಕ್ಕೂಟಗಳು ದಿವಾಳಿಯ ಅಂಚಿಗೆ ಬಂದವು. 1935ರಲ್ಲಿ ಸಂಸತ್ತು ಕಾಯ್ದೆಯ ಮೂಲಕ ಕೆನಡಾ ಗೋಧಿ ಮಂಡಳಿಯನ್ನು ಸ್ಥಾಪಿಸಿತು. ಅದರ ಕೇಂದ್ರ ಕಚೇರಿ ವಿನಿಪೆಗ್ ನಗರದಲ್ಲಿತ್ತು. 1943ರಿಂದ ಪಶ್ಚಿಮದ ರೈತರು ಗೋಧಿಯನ್ನು ಮಂಡಳಿಗೇ ಮಾರುವುದು ಕಡ್ಡಾಯವಾಯಿತು. ಧಾನ್ಯ ಒಪ್ಪಿಸಿದಾಗ ರೈತನಿಗೆ ಮುಂಗಡ ಬೆಲೆ ಸಿಗುತ್ತಿತ್ತು. ವರ್ಷದ ಮಾರಾಟದ ಹಣವನ್ನೆಲ್ಲ ಒಟ್ಟುಗೂಡಿಸಿ, ಖರ್ಚು ಕಳೆದು, ಉಳಿದುದನ್ನು ಧಾನ್ಯದ ದರ್ಜೆಗೆ ತಕ್ಕಂತೆ ಹಂಚಲಾಗುತ್ತಿತ್ತು. ಮುಂಗಡಕ್ಕಿಂತ ಮಾರಾಟದ ಹಣ ಕಡಿಮೆಯಾದರೆ ನಷ್ಟವನ್ನು ಸರ್ಕಾರದ ಖಜಾನೆ ಭರಿಸುತ್ತಿತ್ತು. ಕಚೇರಿಯ ಖರ್ಚು, ರೈಲು ವ್ಯಾಗನ್ನುಗಳು, 2011ರಲ್ಲಿ ಖರೀದಿಗೆ ಒಪ್ಪಂದವಾದ ಎರಡು ಹಡಗುಗಳು, ಇವೆಲ್ಲವೂ ‘ಖರ್ಚು ಕಳೆದು’ ಎಂಬ ಆ ಎರಡು ಪದಗಳೊಳಗೇ ಅಡಗಿದ್ದವು.

ಈ ವ್ಯವಸ್ಥೆಯನ್ನು ಎಲ್ಲ ರೈತರೂ ಮೆಚ್ಚಿದ್ದರೆಂದು ನಾವು ಹೇಳಲಾರೆವು. ತಮ್ಮ ಧಾನ್ಯವನ್ನು ತಾವೇ ಗಡಿ ದಾಟಿಸಿ ಅಮೆರಿಕದಲ್ಲಿ ಮಾರಿ, ದಂಡ ಕಟ್ಟಲೊಪ್ಪದೆ 2002ರಲ್ಲಿ ಸೆರೆಮನೆಗೆ ಹೋದ ರೈತರೂ ಇದ್ದರು. ಆದರೆ 1998ರ ತಿದ್ದುಪಡಿಯ ಪ್ರಕಾರ 15 ನಿರ್ದೇಶಕರಲ್ಲಿ 10 ಮಂದಿಯನ್ನು ರೈತರೇ ಚುನಾಯಿಸುತ್ತಿದ್ದರು. 2011ರಲ್ಲಿ ಮಂಡಳಿ ತಾನೇ ನಡೆಸಿದ ಮತದಾನದಲ್ಲಿ ಶೇಕಡಾ 62ರಷ್ಟು ಗೋಧಿ ಬೆಳೆಗಾರರು ಏಕಸ್ವಾಮ್ಯ ಉಳಿಯಲಿ ಎಂದರು. ಸ್ಟೀಫನ್ ಹಾರ್ಪರ್ ಅವರ ಸರ್ಕಾರ ಅದಕ್ಕೆ ಬದ್ಧವಾಗಲಿಲ್ಲ. ಅದೇ ಡಿಸೆಂಬರಿನಲ್ಲಿ ಹೊಸ ಕಾಯ್ದೆ ಬಂತು, ಚುನಾಯಿತ ನಿರ್ದೇಶಕರು ಹೊರಹೋದರು. 2012ರ ಆಗಸ್ಟ್ 1ರಂದು ಏಕಸ್ವಾಮ್ಯ ಮುಗಿಯಿತು. 2015ರಲ್ಲಿ ಸಂಸ್ಥೆಯ ಶೇಕಡಾ 50.1ರಷ್ಟು ಪಾಲು ಬುಂಗೆ ಕಂಪನಿ ಮತ್ತು ಸೌದಿ ಅರೇಬಿಯಾದ ಹೂಡಿಕೆ ಸಂಸ್ಥೆಯ ಜಂಟಿ ಉದ್ಯಮದ ವಶವಾಯಿತು. ಉಳಿದುದನ್ನು ರೈತರ ಹೆಸರಿನ ಟ್ರಸ್ಟಿನಲ್ಲಿ ಇಡಲಾಯಿತು. ಆದರೆ ಅಲ್ಲಿ ಪಾಲು ದೊರೆಯುತ್ತಿದ್ದುದು ಏಕಸ್ವಾಮ್ಯ ಮುಗಿದ ಮೇಲೆ ಒಪ್ಪಿಸಿದ ಧಾನ್ಯಕ್ಕೆ. ಅಪ್ಪ, ಅಜ್ಜಂದಿರು ಒಪ್ಪಿಸಿದ ಗೋಧಿ ಲೆಕ್ಕಕ್ಕೆ ಬರಲಿಲ್ಲ.

ರೈತರು ಸಮೂಹ ದಾವೆ ಹೂಡಿದರು. ತಮ್ಮ ಆದಾಯದಿಂದ ಕಡಿತವಾದ ಹಣದಿಂದ ಬೆಳೆದ ಆಸ್ತಿ ತಮ್ಮದು ಎಂಬುದು ಅವರ ವಾದ. ಮಂಡಳಿಯ ಆಸ್ತಿಯ ಮೇಲಿನ ಈ ಹಕ್ಕಿನ ವಾದವನ್ನು 2013ರಲ್ಲಿ ಫೆಡರಲ್ ನ್ಯಾಯಾಲಯ ತಳ್ಳಿಹಾಕಿತು. ಮರುವರ್ಷ ಮೇಲ್ಮನವಿಯಲ್ಲಿಯೂ ರೈತರಿಗೆ ಜಯ ಸಿಗಲಿಲ್ಲ. ಕಾಯ್ದೆ ಅವರಿಗೆ ಮತವನ್ನು ಕೊಟ್ಟಿತ್ತು, ಮಾರಾಟದ ಹಣದಲ್ಲಿ ಪಾಲನ್ನು ಕೊಟ್ಟಿತ್ತು, ಷೇರನ್ನು ಕೊಟ್ಟಿರಲಿಲ್ಲ.

ಇದೇ ಬಗೆಯ ಸಂಸ್ಥೆ ಆಸ್ಟ್ರೇಲಿಯದಲ್ಲಿ ಬೇರೆ ದಾರಿ ಹಿಡಿಯಿತು. ಅಲ್ಲಿ 1989ರಿಂದ ರೈತರಿಂದ ಸಂಗ್ರಹಿಸಿದ ಗೋಧಿ ನಿಧಿಯಲ್ಲಿ ಪ್ರತಿಯೊಬ್ಬನ ಪಾಲು ಅವನವನ ಹೆಸರಿಗೆ ದಾಖಲಾಗುತ್ತಿತ್ತು. 1999ರಲ್ಲಿ ಮಂಡಳಿ ಕಂಪನಿಯಾದಾಗ ಆ ಪಾಲುಗಳೇ ಷೇರುಗಳಾದವು. ಮುಂದೆ ಇರಾಕಿನ ಲಂಚ ಹಗರಣದಲ್ಲಿ ಆ ಕಂಪನಿಯೂ ಹೆಸರು ಕೆಡಿಸಿಕೊಂಡಿತು. 2010ರಲ್ಲಿ ಅದನ್ನು ಕೊಂಡದ್ದು ಕೆನಡಾದ್ದೇ ಆದ ಅಗ್ರಿಯಂ. ಷೇರು ಇದ್ದ ಮಾತ್ರಕ್ಕೆ ಸಂಸ್ಥೆ ಉಳಿಯುವುದಿಲ್ಲ, ನಿಜ. ಆದರೆ ಮಾರಾಟವಾದಾಗ ಬೆಲೆ ಷೇರುದಾರನ ಕೈಗೆ ಬರುತ್ತದೆ.

ಎರಡು ದೇಶಗಳ ರೈತರ ಬೆವರಿನಲ್ಲಿ ವ್ಯತ್ಯಾಸವಿರಲಿಲ್ಲ. ವ್ಯತ್ಯಾಸವಿದ್ದದ್ದು ಲೆಕ್ಕದ ಪುಸ್ತಕದಲ್ಲಿ. ಸಾಮೂಹಿಕ ಸಂಸ್ಥೆಯ ಒಡೆತನದ ಪ್ರಶ್ನೆ ಅದು ಮುಚ್ಚುವ ದಿನ ಏಳುತ್ತದೆ, ಆದರೆ ಉತ್ತರ ನಿರ್ಧಾರವಾಗುವುದು ಮೊದಲ ಕಂತಿನ ಹಣ ಕಡಿತವಾದ ದಿನ. ಆ ದಿನ ಹೆಸರು ಬರೆಸದವನು ಕೊನೆಗೆ ಸಾಕ್ಷಿಯಾಗಬಲ್ಲನೇ ಹೊರತು ವಾರಸುದಾರನಾಗಲಾರ.