ಗೋ, ನೋ ಗೋ: ಒಂದು ತಿರುಪಿನ ಚರಿತ್ರೆ

ನನ್ನ ಮೇಜಿನ ಮೇಲೆ ಪುಸ್ತಕಗಳ ನಡುವೆ ಉಕ್ಕಿನದೊಂದು ಗೇಜ್ ಇದೆ. ಅಪ್ಪ ಪೀಣ್ಯದ ಸಣ್ಣ ವರ್ಕ್‌ಶಾಪೊಂದರಲ್ಲಿ ಇನ್‌ಸ್ಪೆಕ್ಟರ್ ಆಗಿದ್ದಾಗ ಬಳಸುತ್ತಿದ್ದುದು. ಒಂದು ತುದಿ ‘ಗೋ’. ಕೆಂಪು ಗುರುತಿನ ಗಿಡ್ಡ ತುದಿ ‘ನೋ ಗೋ’. ನಟ್‌ನೊಳಗೆ ಮೊದಲನೆಯದು ಸಲೀಸಾಗಿ ಪೂರ್ತಿ ಹೋಗಬೇಕು, ಎರಡನೆಯದು ಒಂದೆರಡು ಸುತ್ತಿಗೇ ನಿಲ್ಲಬೇಕು. ಒಮ್ಮೆ ಅಪ್ಪ ಒಂದು ಪೆಟ್ಟಿಗೆ ನಟ್‌ಗಳನ್ನು ತಿರಸ್ಕರಿಸಿ ಮಾಲೀಕರಿಂದ ಬೈಸಿಕೊಂಡು ಬಂದಿದ್ದರು. ಬೋಲ್ಟ್ ಚೆನ್ನಾಗಿಯೇ ಕೂರುತ್ತಿದ್ದಾಗ ತಕರಾರೇನೆಂದು ನನಗೂ ಅರ್ಥವಾಗಿರಲಿಲ್ಲ.

ಉತ್ತರ ಸಿಕ್ಕಿದ್ದು ಸಂಶೋಧನೆಗೆ ಬಂದ ಮೇಲೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಪ್ರತಿ ಕಾರ್ಖಾನೆಗೂ ತನ್ನದೇ ತಿರುಪು. 1841ರಲ್ಲಿ ಜೋಸೆಫ್ ವಿಟ್‌ವರ್ತ್ ಹಲವು ಕಾರ್ಖಾನೆಗಳ ಬೋಲ್ಟ್‌ಗಳನ್ನು ಹೋಲಿಸಿ, ಸರಾಸರಿ ತೆಗೆದು, 55 ಡಿಗ್ರಿ ಕೋನದ ಥ್ರೆಡ್ಡನ್ನು ಎಲ್ಲರಿಗೂ ಸೂಚಿಸಿದ. 1864ರಲ್ಲಿ ಅಮೆರಿಕದ ವಿಲಿಯಂ ಸೆಲರ್ಸ್ 60 ಡಿಗ್ರಿ ಎಂದ. ಹೊಂದದ ಥ್ರೆಡ್ಡಿನ ಬೆಲೆ ಎಷ್ಟೆಂದು 1904ರ ಫೆಬ್ರವರಿಯಲ್ಲಿ ಬಾಲ್ಟಿಮೋರ್ ಕಂಡಿತು. ನಗರ ಉರಿಯುತ್ತಿದ್ದಾಗ ನೆರವಿಗೆ ಧಾವಿಸಿದ ಬೇರೆ ಊರುಗಳ ಅಗ್ನಿಶಾಮಕ ದಳಗಳ ಪೈಪುಗಳು ಅಲ್ಲಿನ ನೀರಿನ ಕೊಳಾಯಿಗಳಿಗೆ ಕೂರಲಿಲ್ಲ. ಸುಮಾರು 1500 ಕಟ್ಟಡಗಳು ಸುಟ್ಟುಹೋದವು.

ಆದರೆ ಅಳತೆಯನ್ನು ಕಾಗದದ ಮೇಲೆ ಒಪ್ಪಿಕೊಂಡರೆ ಸಾಲದು. ತಯಾರಾದ ವಸ್ತು ಅದಕ್ಕೆ ಬದ್ಧವಾಗಿದೆಯೇ ಎಂದು ತಿಳಿಯಬೇಕು. ಲೆಸ್ಟರ್‌ನ ಮಸೂರ ತಯಾರಕ ವಿಲಿಯಂ ಟೇಲರ್ 1905ರಲ್ಲಿ ಪೇಟೆಂಟ್ ಪಡೆದ ತತ್ವ ಇದಕ್ಕೆ ದಾರಿ ತೋರಿತು. ಥ್ರೆಡ್ಡಿನ ವ್ಯಾಸ ಸರಿಯಿದ್ದೂ, ಸುತ್ತಿನಿಂದ ಸುತ್ತಿಗೆ ಇರುವ ಅಂತರ ಕೂದಲೆಳೆಯಷ್ಟು ತಪ್ಪಿದರೆ ನಾಲ್ಕನೆಯ ಸುತ್ತಿಗೆ ಬೋಲ್ಟ್ ಸಿಕ್ಕಿಕೊಳ್ಳಬಹುದು. ಆದ್ದರಿಂದ ‘ಗೋ’ ಗೇಜಿಗೆ ಪೂರ್ಣ ಆಕಾರ, ಪೂರ್ಣ ಉದ್ದ ಇರಬೇಕು: ಅದು ಎಲ್ಲವನ್ನೂ ಒಟ್ಟಿಗೆ ಪರೀಕ್ಷಿಸುತ್ತದೆ. ‘ನೋ ಗೋ’ ಒಮ್ಮೆಗೆ ಒಂದೇ ಅಳತೆಯನ್ನು ನೋಡಬೇಕು. ಹಾಗಾಗಿ ಅದಕ್ಕೆ ಕೆಲವೇ ಸುತ್ತುಗಳು. ಒಪ್ಪಿಕೊಳ್ಳಲು ಎಲ್ಲವೂ ಸರಿಯಿರಬೇಕು, ತಿರಸ್ಕರಿಸಲು ಒಂದು ತಪ್ಪು ಸಾಕು.

ಎರಡನೆಯ ಮಹಾಯುದ್ಧದಲ್ಲಿ ಒಂದೇ ಪಕ್ಷದ ಬ್ರಿಟನ್ ಮತ್ತು ಅಮೆರಿಕದ ಬೋಲ್ಟ್‌ಗಳು ಪರಸ್ಪರ ಹೊಂದದೆ ಕಾಡಿದವು. ಕೆನಡಾವೂ ಸೇರಿ ಮೂರು ದೇಶಗಳು 60 ಡಿಗ್ರಿಯ ಏಕರೂಪ ಥ್ರೆಡ್ಡಿಗೆ ಸಹಿ ಹಾಕಿದ್ದು 1948ರಲ್ಲಿ.

ಅಪ್ಪನ ಪೆಟ್ಟಿಗೆಯ ನಟ್‌ಗಳಲ್ಲಿ ‘ಗೋ’ ಸಲೀಸಾಗಿ ಹೋಗಿತ್ತು. ‘ನೋ ಗೋ’ ಕೂಡ ಹೋಗಿತ್ತು. ಅಂಥ ಸಡಿಲ ನಟ್ ಕಾರ್ಖಾನೆಯಲ್ಲಿ ಚೆನ್ನಾಗಿಯೇ ಕೂರುತ್ತದೆ. ಅದು ಕೈಕೊಡುವುದು ಮುಂದೆಂದೋ, ಹೊರೆ ಬಿದ್ದಾಗ, ನಮಗೆ ಗೊತ್ತೇ ಇಲ್ಲದ ಯಾರದೋ ಗಾಡಿಯಲ್ಲಿ. ಅಪ್ಪ ಅಂದು ಬೈಸಿಕೊಂಡದ್ದು ಆ ಅಪರಿಚಿತನ ಪರವಾಗಿ.