ಗರಗಸದ ಹಿಡಿ



'ಕೊಡಲಿ ಕಾವು ಕುಲಕ್ಕೆ ಸಾವು' ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಮರವನ್ನು ಕೊಲ್ಲುವ ಕಬ್ಬಿಣಕ್ಕೆ ಮರವೇ ಕಾವಾಗಿ ಒದಗಿತಲ್ಲಾ ಎಂಬ ಆಕ್ಷೇಪ ಅದರಲ್ಲಿದೆ. ಈ ಮಾತು ಗರಗಸಕ್ಕೂ ಅಷ್ಟೇ ಸಲ್ಲುತ್ತದೆ. ಆದರೆ ಗಾದೆ ಹೇಳದಿರುವ ಇನ್ನೊಂದು ಸಂಗತಿಯೂ ಉಂಟು. ಆ ಹಿಡಿಗೆ ಬೇಕಾದ ಗೇಣುದ್ದದ ಮರ ಎಲ್ಲಿಂದ ಬರತಕ್ಕದ್ದು, ಅದನ್ನು ತರುವ ಅಧಿಕಾರ ಯಾರದು? ಕೊಳ್ಳೇಗಾಲ, ಹನೂರು, ಯಳಂದೂರುಗಳ ಸೀಮೆಯಲ್ಲಿ ಈ ಪ್ರಶ್ನೆಗೆ ದೀರ್ಘವಾದ ಇತಿಹಾಸವಿದೆ. ಅದನ್ನು ವಿಚಾರಮಾಡುವುದಕ್ಕೆ ಮೊದಲು ಹಿಡಿಯನ್ನೇ ಸ್ವಲ್ಪ ನೋಡೋಣ.

ಗರಗಸವೆಂಬ ಪದವು ಸಂಸ್ಕೃತದ 'ಕ್ರಕಚ'ದ ತದ್ಭವವೆಂದು ನಿಘಂಟುಕಾರರು ಹೇಳುತ್ತಾರೆ. ಹೆಸರಿಗಿಂತಲೂ ವಸ್ತು ಹಳೆಯದು. ಸಿಂಧೂ ಕಣಿವೆಯ ಮೊಹೆಂಜೊದಾರೊ ಹರಪ್ಪಗಳಲ್ಲಿ ಲೋಹದ ಗರಗಸಗಳು ದೊರೆತಿವೆ. ಅಲಗು ಉಳಿಯಿತು, ಹಿಡಿ ಮಣ್ಣಾಯಿತು. ಮರಗೆಲಸದ ಇತಿಹಾಸವನ್ನು ಬರೆಯಹೊರಟವರಿಗೆ ಎಲ್ಲೆಲ್ಲಿಯೂ ಇದೇ ತೊಡಕು. ಯಳಂದೂರಿನ ಗೌರೇಶ್ವರ ದೇವಾಲಯದ ಬಳೆಮಂಟಪದಲ್ಲಿ ಕಲ್ಲುಕುಟಿಗನ ಕೈಚಳಕ ಇಂದಿಗೂ ಕಣ್ಣಿಗೆ ಕಾಣುತ್ತದೆ. ಅದೇ ಕಾಲದಲ್ಲಿ ಅದೇ ಊರಿನಲ್ಲಿ ಬಾಗಿಲು, ನೇಗಿಲು, ಬಂಡಿಗಳನ್ನು ಮಾಡಿದ ಬಡಗಿಯ ಹತಾರವನ್ನು ಗೆದ್ದಲು ತಿಂದಿತು. ಆದುದರಿಂದ ಹಿಡಿಯ ಕಥೆಯನ್ನು ಹಿಡಿಯಿಂದಲ್ಲ, ಅಲಗಿನ ಹಲ್ಲುಗಳಿಂದಲೂ ಕಾಡಿನ ಕಾಗದಪತ್ರಗಳಿಂದಲೂ ಓದಿಕೊಳ್ಳಬೇಕಾಗಿದೆ.

ನಮ್ಮ ದೇಶದ ಹಳೆಯ ಪದ್ಧತಿಯ ಕೈಗರಗಸದ ಹಲ್ಲುಗಳು ಹಿಡಿಯ ಕಡೆಗೆ ಬಾಗಿರುತ್ತಿದ್ದುವು. ಬಡಗಿಯು ನೆಲದ ಮೇಲೆ ಕುಳಿತು, ಮರವನ್ನು ಪಾದಗಳಿಂದ ಅದುಮಿ ಹಿಡಿದು, ಗರಗಸವನ್ನು ತನ್ನ ಕಡೆಗೆ ಎಳೆದುಕೊಂಡು ಕೊಯ್ಯುತ್ತಿದ್ದನು. ಎಳೆದಾಗ ಅಲಗು ತಾನಾಗಿಯೇ ಬಿಗಿದು ನೆಟ್ಟಗಾಗುವುದರಿಂದ ಅದು ತೆಳ್ಳಗಿದ್ದರೂ ನಡೆಯುತ್ತದೆ. ಹಿಡಿಯೂ ನೇರವಾದ ಒಂದು ತುಂಡಾದರೆ ಸಾಕು. ಇಂಗ್ಲೆಂಡಿನ ಷೆಫೀಲ್ಡ್ ಪಟ್ಟಣದಿಂದ ಬಂದ ಗರಗಸದ ರೀತಿಯೇ ಬೇರೆ. ಅದರ ಹಲ್ಲುಗಳು ಮುಂದಕ್ಕೆ ಬಾಗಿವೆ. ಬಡಗಿ ನಿಂತು ನೂಕಬೇಕು. ನೂಕುವ ಬಲವನ್ನೆಲ್ಲ ಅಂಗೈಯಿಂದ ಅಲಗಿಗೆ ಸಾಗಿಸಬೇಕಾದ ಕಾರಣ ಅದರ ಹಿಡಿಗೆ ಬಳಸುಬಳಸಾದ ಆಕಾರ ಬಂದಿತು. ಈ ಡೊಂಕುಗಳನ್ನು ನೋಡಿ ಅಲಂಕಾರವೆಂದು ತಿಳಿಯುವವರಿದ್ದಾರೆ. ಅದು ಅಷ್ಟಾಗಿ ಸರಿಯಲ್ಲ. ಮೇಲಿನ ಕೊಂಬು ಕೈ ಮೇಲಕ್ಕೆ ಜಾರದಂತೆ ತಡೆಯುತ್ತದೆ, ಕೆಳಗಿನದು ಗರಗಸವನ್ನು ಹಿಂದಕ್ಕೆ ಎಳೆಯುವಾಗ ಕೈಗೆ ಆಧಾರವಾಗುತ್ತದೆ. ಮೂರು ಬೆರಳುಗಳು ಒಳಗೆ ಹಿಡಿಯುತ್ತವೆ. ತೋರುಬೆರಳು ಹೊರಗೆ ಅಲಗಿನ ಗುಂಟ ಚಾಚಿ ದಾರಿ ತೋರುತ್ತದೆ.

ಇಂಥ ಹಿಡಿಯನ್ನು ಕೈಯಿಂದ ಮಾಡುವ ಕ್ರಮವು ತಿಳಿಯತಕ್ಕದ್ದಾಗಿದೆ. ಚೆನ್ನಾಗಿ ಒಣಗಿದ, ಸುಮಾರು ಒಂದು ಅಂಗುಲ ದಪ್ಪದ ಹಲಗೆಯನ್ನು ತೆಗೆದುಕೊಂಡು ಮೊದಲು ಅದರ ನಾರು ಯಾವ ಕಡೆಗೆ ಓಡುತ್ತದೆಂದು ನೋಡಬೇಕು. ಹಿಡಿಯ ಅತ್ಯಂತ ತೆಳುವಾದ ಕತ್ತಿನಲ್ಲಿ ನಾರು ಉದ್ದಕ್ಕೆ ಸಾಗಬೇಕು. ಅಡ್ಡ ಬಿದ್ದರೆ ಎಷ್ಟು ಗಟ್ಟಿಯಾದ ಮರವಾದರೂ ಒಂದು ದಿನ ಕೈಯಲ್ಲಿಯೇ ಮುರಿಯುವುದು. ಆಕಾರವನ್ನು ಬರೆದ ಮೇಲೆ, ಹಲಗೆ ಇನ್ನೂ ಚೌಕವಾಗಿರುವಾಗಲೇ ಅಲಗು ಕೂಡುವ ಸೀಳನ್ನು ಕೊಯ್ದು ತಿರುಪುಗಳ ರಂಧ್ರಗಳನ್ನು ಬೈರಿಗೆಯಿಂದ ಕೊರೆಯಬೇಕು. ದುಂಡಗಾದ ಮೇಲೆ ಆ ಸೀಳನ್ನು ನೇರವಾಗಿ ಕೊಯ್ಯುವುದು ಪಳಗಿದವರಿಗೂ ಕಷ್ಟ. ಬಳಿಕ ಬೆರಳು ಹೋಗುವ ಕಂಡಿಯ ಸುತ್ತ ರಂಧ್ರಗಳನ್ನು ಕೊರೆದು, ನಡುವಿನದನ್ನು ಕೊಯ್ದು ತೆಗೆದು, ಉಳಿಯಿಂದಲೂ ಒರಟು ಅರದಿಂದಲೂ ಅಂಚುಗಳನ್ನು ಇಳಿಸುತ್ತಾರೆ. ಇಲ್ಲಿಯವರೆಗಿನದು ಅಳತೆಯ ಕೆಲಸ. ಇಲ್ಲಿಂದ ಮುಂದಿನದು ಅಂಗೈಯ ಕೆಲಸ. ಸ್ವಲ್ಪ ಉಜ್ಜುವುದು, ಹಿಡಿದು ನೋಡುವುದು, ಎಲ್ಲಿ ಒತ್ತುತ್ತದೆಯೋ ಅಲ್ಲಿ ಮತ್ತೆ ಉಜ್ಜುವುದು. ನುಣ್ಣಗಿನ ಅರ, ಒಡೆದ ಗಾಜಿನ ಚೂರು, ಮರಳುಕಾಗದ ಇವು ಒಂದಾದ ಮೇಲೊಂದು ಬರುತ್ತವೆ. ಕಡೆಗೆ ಅಗಸೆಎಣ್ಣೆಯನ್ನು ತೆಳ್ಳಗೆ ಹಲವು ಸಲ ಸವರಿ ಒಣಗಿಸುತ್ತಾರೆ. ಹೀಗೆ ಒಬ್ಬನ ಅಂಗೈಗೆ ಹೊಂದಿಸಿದ ಹಿಡಿ ಇನ್ನೊಬ್ಬನಿಗೆ ಪೂರ್ತಿ ಹೊಂದುವುದಿಲ್ಲ. ಇಂಗ್ಲೆಂಡಿನವರು ಇದಕ್ಕೆ ಬೀಚ್ ಮರವನ್ನು ಬಳಸುತ್ತಿದ್ದರು. 1840ರಲ್ಲಿ ಫಿಲಡೆಲ್ಫಿಯಾದಲ್ಲಿ ಗರಗಸದ ಉದ್ಯಮವನ್ನು ಆರಂಭಿಸಿದ ಹೆನ್ರಿ ಡಿಸ್‌ಟನ್ನನ ಕಾರ್ಖಾನೆಯವರು ಸೇಬಿನ ಮರವನ್ನು ಮೆಚ್ಚಿದರು.

ನಮ್ಮ ಸೀಮೆಗೆ ಸೇಬಿನ ಮರದ ಹಂಗಿಲ್ಲ. ಬಿಳಿಗಿರಿರಂಗನ ಬೆಟ್ಟದಿಂದ ಮಲೆಮಹದೇಶ್ವರನ ಬೆಟ್ಟದವರೆಗೆ ಹಬ್ಬಿರುವ ಕಾಡುಗಳಲ್ಲಿ ಹಿಡಿಗೂ ಕಾವಿಗೂ ಒದಗುವ ಮರಗಳು ಹಲವು. ದಿಂಡಿಗವು ಬಂಡಿಯ ಅಚ್ಚಿಗೆ ಹೆಸರಾದದ್ದು, ಪೆಟ್ಟನ್ನು ತಾಳುತ್ತದೆ. ತಡಸಲು ಬಾಗುತ್ತದೆ, ಬೇಗ ಮುರಿಯುವುದಿಲ್ಲ. ಬೀಟೆಯೂ ಹೊನ್ನೆಯೂ ಇವೆ. ಕಮರವೆಂಬುದು ಉಳಿಯ ಬಾಯನ್ನೇ ಮುರಿಯುವಷ್ಟು ಗಟ್ಟಿ, ಹಿಡಿಗೆ ಬಲು ಭಾರ. 1800ರಲ್ಲಿ ಕೊಳ್ಳೇಗಾಲದ ಮಾರ್ಗವಾಗಿ ಕೊಯಮತ್ತೂರಿನ ಕಡೆಗೆ ಸಾಗಿದ ಫ್ರಾನ್ಸಿಸ್ ಬುಕನನ್ನನು ತಾನು ಕಂಡ ಮರಗಳ ಹೆಸರನ್ನು ದೇಶಭಾಷೆಯಲ್ಲಿಯೇ ಬರೆದುಕೊಳ್ಳುವ ರೂಢಿಯವನು. ಕಂಪೆನಿಯ ಸರ್ಕಾರಕ್ಕೆ ಬೇಕಾಗಿದ್ದುದು ಮರದ ಬೆಲೆ. ಆದರೆ ಅದರ ಗುಣ ತಿಳಿದಿದ್ದವರು ಊರಿನ ಬಡಗಿಯೂ ಬೆಟ್ಟದ ಸೋಲಿಗನೂ.

ಈ ನಾಡಿನಲ್ಲಿ ಗರಗಸಕ್ಕೆ ವಿಶೇಷವಾದ ಒಂದು ಕೆಲಸವಿತ್ತು. ಶ್ರೀಗಂಧವನ್ನು ಇತರ ಮರಗಳಂತೆ ಬುಡಕ್ಕೆ ಕಡಿದು ಕೆಡಹುವುದಿಲ್ಲ. ಬೇರುಸಹಿತ ಅಗೆದು ತೆಗೆಯುತ್ತಾರೆ, ಏಕೆಂದರೆ ಬೇರಿನಲ್ಲಿಯೇ ಎಣ್ಣೆ ಹೆಚ್ಚು. ಆಮೇಲೆ ಬೇರನ್ನೂ ಕಾಂಡವನ್ನೂ ತುಂಡರಿಸುವುದಕ್ಕೆ ಗರಗಸವೇ ಬೇಕು. ಕೊಡಲಿಯ ಪೆಟ್ಟಿಗೆ ಸಿಡಿಯುವ ಚಕ್ಕೆಯೆಲ್ಲ ನಷ್ಟ. ಗರಗಸದ ಹೊಟ್ಟನ್ನಾದರೋ ಗುಡಿಸಿ ತೂಗಿಡಬಹುದು. ಗಂಧವನ್ನು ಟಿಪ್ಪು ಸುಲ್ತಾನನು 1792ರಲ್ಲಿ ರಾಜವೃಕ್ಷವೆಂದು ಸಾರಿದನೆನ್ನುತ್ತಾರೆ. ಆ ಏಕಸ್ವಾಮ್ಯವನ್ನು ಮುಂದಿನ ಸರ್ಕಾರಗಳಾವುವೂ ಬಿಟ್ಟುಕೊಡಲಿಲ್ಲ. ಕರ್ನಾಟಕದಲ್ಲಿ ಸ್ವಂತ ಜಮೀನಿನ ಗಂಧದ ಮರವು ಜಮೀನಿನವನಿಗೇ ಸೇರಿದ್ದೆಂದು ಆದದ್ದು 2001ರ ತಿದ್ದುಪಡಿಯ ನಂತರ.

ಇನ್ನು ಕಾನೂನಿನ ಮಾತು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಕೊಳ್ಳೇಗಾಲವೂ ಅದರೊಳಗಿನ ಹನೂರೂ ಕಂಪೆನಿಯ ವಶವಾಗಿ ಕೊಯಮತ್ತೂರು ಜಿಲ್ಲೆಗೆ ಸೇರಿದುವು. ಯಳಂದೂರು ಮೈಸೂರಿನಲ್ಲಿಯೇ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಡಲ್ಪಟ್ಟಿತು. ಹೀಗೆ ಕೆಲವೇ ಹರದಾರಿಗಳ ಅಂತರದಲ್ಲಿ, ಒಂದೇ ಭಾಷೆಯನ್ನಾಡಿ ಒಂದೇ ಬೆಟ್ಟಕ್ಕೆ ಕೈಮುಗಿಯುವ ಇಬ್ಬರು ಬಡಗಿಗಳು ಎರಡು ಸರ್ಕಾರಗಳ ಪ್ರಜೆಗಳಾಗಿ 1956ರ ನವೆಂಬರ್ 1ರವರೆಗೆ ಬಾಳಿದರು. ಒಬ್ಬನ ಕಾಡಿಗೆ 1882ರ ಮದರಾಸು ಅರಣ್ಯಕಾಯಿದೆ. ಇನ್ನೊಬ್ಬನ ನಾಡಿನಲ್ಲಿ 1900ರ ಮೈಸೂರು ಅರಣ್ಯ ರೆಗ್ಯುಲೇಷನ್. ಮದರಾಸಿನ ಕಾಯಿದೆಯಂತೆ ಕಾಡನ್ನು ಮೀಸಲೆಂದು ಗೊತ್ತುಮಾಡುವಾಗ, ಅದರಲ್ಲಿ ಹಕ್ಕುಳ್ಳವರು ಅಧಿಕಾರಿಯ ಮುಂದೆ ಗೊತ್ತಾದ ಅವಧಿಯೊಳಗೆ ಹೇಳಿಕೊಳ್ಳಬೇಕಾಗಿತ್ತು. ಹೇಳಿಕೊಳ್ಳದವರ ಹಕ್ಕು ಅಳಿಯಿತು. ಅಪರಾಧದಲ್ಲಿ ಬಳಸಿದ ಹತಾರ, ಹಗ್ಗ, ಸರಪಣಿ, ದೋಣಿ, ಗಾಡಿ, ದನಗಳನ್ನೆಲ್ಲ ವಶಪಡಿಸಿಕೊಳ್ಳಬಹುದೆಂದೂ ಅದೇ ಕಾಯಿದೆ ಹೇಳುತ್ತದೆ. 1963ರ ಕರ್ನಾಟಕ ಅರಣ್ಯಕಾಯಿದೆಯೂ ಹತಾರಗಳ ವಿಷಯದಲ್ಲಿ ಇದೇ ದಾರಿಯನ್ನು ಹಿಡಿದಿದೆ. ಅಂದರೆ ಕಾಡಿನ ತಡಸಲಿನಿಂದ ಅಪ್ಪಣೆಯಿಲ್ಲದೆ ಹಿಡಿಯನ್ನು ಮಾಡಿಕೊಂಡವನು, ಮರವನ್ನು ತಂದುದಕ್ಕೆ ದಂಡ ತೆತ್ತು ಗರಗಸವನ್ನೂ ಕಳೆದುಕೊಳ್ಳಬಹುದಾಗಿತ್ತು. ಕಳ್ಳಸಾಗಣೆಯನ್ನು ತಡೆಯದೆ ಕಾಡು ಉಳಿಯದೆಂಬುದನ್ನು ನಾವು ಬಲ್ಲೆವು. ಈ ಬೆಟ್ಟಗಳಲ್ಲಿ ಗಂಧಕ್ಕಾಗಿ ನಡೆದ ಕೊಲೆಗಳು ಇನ್ನೂ ಜನರ ನೆನಪಿನಲ್ಲಿವೆ. ಆದರೂ ಗಂಧದ ಕಳ್ಳನಿಗೂ ಹಿಡಿಯ ಬಡಗಿಗೂ ಒಂದೇ ತಕ್ಕಡಿಯನ್ನಿಟ್ಟದ್ದು ನ್ಯಾಯವೆಂದು ನಮಗೆ ತೋರುವುದಿಲ್ಲ.

ಅಲಗು ಯಾವಾಗಲೂ ಪರಸ್ಥಳದ್ದಾಗಿದ್ದರೂ ಹಿಡಿ ಊರಿನದಾಗಿರಬಹುದಾಗಿತ್ತು. ಈಗ ಅಂಗಡಿಯ ಗರಗಸಕ್ಕೆ ಅಚ್ಚಿನಲ್ಲಿ ಎರಕವಾದ ಪ್ಲಾಸ್ಟಿಕ್ ಹಿಡಿಯೇ ಸಾಮಾನ್ಯ; ಅದು ಎಲ್ಲ ಅಂಗೈಗಳಿಗೂ ಒಂದೇ.

ಕಾನೂನೂ ಈಚೆಗೆ ಒಂದು ಹೆಜ್ಜೆ ಹಿಂದೆಗೆದಿದೆ. 1974ರಲ್ಲಿ ಅಭಯಾರಣ್ಯವಾಗಿ, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಬಿಳಿಗಿರಿರಂಗನ ಬೆಟ್ಟದಲ್ಲಿ, 2006ರ ಅರಣ್ಯಹಕ್ಕು ಕಾಯಿದೆಯ ಪ್ರಕಾರ ಸೋಲಿಗರ ಗ್ರಾಮಸಭೆಗಳಿಗೆ ಅದೇ 2011ರಲ್ಲಿ ಸಾಮುದಾಯಿಕ ಹಕ್ಕುಗಳು ದೊರೆತುವು. ಜೇನು, ನೆಲ್ಲಿಕಾಯಿ ಮೊದಲಾದ ಕಿರು ಉತ್ಪನ್ನಗಳನ್ನು ಅವರು ಸಂಗ್ರಹಿಸಿ ಮಾರಬಹುದು. ನಾಟಾ ಮಾತ್ರ ಅದರಲ್ಲಿ ಸೇರಿಲ್ಲ; ನಿಂತ ಮರದಿಂದ ಕೊಯ್ದ ಹಲಗೆಯ ಹಿಡಿಗೆ ಇಂದಿಗೂ ಅವಕಾಶವಿಲ್ಲ. ಆದರೆ ಕಿರು ಉತ್ಪನ್ನವೆಂದರೇನೆಂಬುದನ್ನು ವಿವರಿಸುವ ಪಂಕ್ತಿಯಲ್ಲಿ ಬಿದಿರು, ಕುರುಚಲು, ಬೆತ್ತ ಇವುಗಳ ನಡುವೆ ಮರದ ಮೋಟು ಎಂಬ ಶಬ್ದವೂ ಕುಳಿತಿದೆ. ಬುಡದ ಮೋಟಿನಲ್ಲಿ ನಾರು ತಿರುಚಿಕೊಂಡು ಡೊಂಕಾಗಿ ಬೆಳೆದಿರುತ್ತದೆ. ಗರಗಸದ ಹಿಡಿಯ ಕತ್ತಿಗೆ ಹೊಂದುವ ಡೊಂಕನ್ನು ಅದರಲ್ಲಿ ಹುಡುಕಿ ತೆಗೆಯುವುದು ಬಡಗಿಯ ಕಣ್ಣಿಗೆ ಬಿಟ್ಟದ್ದು.