ಮೋಟಾರ್ ಸೈಕಲ್ ವಿಂಡ್‌ಶೀಲ್ಡ್: ಸೂಕ್ತ ಎತ್ತರದ ಆಯ್ಕೆ ಕುರಿತು ಸಾರ್ವಜನಿಕ ಮಾಹಿತಿ

ಮೋಟಾರ್ ಸೈಕಲ್ಲಿನ ಮುಂಭಾಗದಲ್ಲಿ ಅಳವಡಿಸುವ ಪಾರದರ್ಶಕ ಗಾಳಿತಡೆ ಫಲಕವನ್ನು ರೂಢಿಯಲ್ಲಿ ವಿಂಡ್‌ಶೀಲ್ಡ್ ಎನ್ನಲಾಗುತ್ತದೆ. ವೇಗವು ಎರಡು ಪಟ್ಟಾದಾಗ ಗಾಳಿಯ ಒತ್ತಡವು 4 ಪಟ್ಟಾಗುತ್ತದೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಗಮನಕ್ಕೆ ಬಾರದ ಗಾಳಿಯು 80 ಕಿ.ಮೀ. ವೇಗದಲ್ಲಿ ಸವಾರರನ್ನು ಬಳಲಿಸುವುದು ಈ ಕಾರಣದಿಂದಲೇ. ವಿಂಡ್‌ಶೀಲ್ಡ್ ಈ ಆಯಾಸವನ್ನು ತಗ್ಗಿಸುತ್ತದೆ. ಆದರೆ ಅದರ ಎತ್ತರವು ಸರಿಯಿಲ್ಲದಿದ್ದಲ್ಲಿ ರಸ್ತೆಯ ನೋಟಕ್ಕೇ ಅಡ್ಡಿಯಾಗುತ್ತದೆ.

1. ಮೂಲ ತತ್ವ
ಸವಾರರು ರಸ್ತೆಯನ್ನು ಫಲಕದ ಮೇಲಿನಿಂದ ನೋಡುವಂತಿರಬೇಕೇ ಹೊರತು ಫಲಕದ ಮೂಲಕವಲ್ಲ. ಇದಕ್ಕಾಗಿ ಫಲಕದ ಮೇಲಂಚು ಸವಾರರ ಮೂಗಿನ ಮಟ್ಟದಲ್ಲಿರುವುದು ಸೂಕ್ತ. ಅಂಚನ್ನು ದಾಟುವ ಗಾಳಿಯು ಮೇಲ್ಮುಖವಾಗಿ ಸಾಗುವುದರಿಂದ ಫಲಕವು ತಲೆಯಷ್ಟು ಎತ್ತರವಿರಬೇಕಾದ ಅಗತ್ಯವಿಲ್ಲ.

2. ಎತ್ತರ ತಪ್ಪಿದಲ್ಲಿ ಆಗುವ ತೊಂದರೆಗಳು
(ಅ) ಎತ್ತರ ಹೆಚ್ಚಾದಲ್ಲಿ: ಮಳೆಹನಿ, ಧೂಳು ಹಾಗೂ ಗೀರುಗಳ ಮೂಲಕವೇ ರಸ್ತೆಯನ್ನು ನೋಡಬೇಕಾಗುತ್ತದೆ. ರಾತ್ರಿ ವೇಳೆ ಎದುರಿನ ವಾಹನದ ದೀಪದ ಬೆಳಕು ಗೀರುಗಳಲ್ಲಿ ಚದುರಿ ಕಣ್ಣು ಕುಕ್ಕುತ್ತದೆ. ಆಗುಂಬೆ, ಚಾರ್ಮಾಡಿ ಮುಂತಾದ ಘಾಟಿ ರಸ್ತೆಗಳಲ್ಲಿ ಮಳೆಗಾಲದ ರಾತ್ರಿ ತಿರುವು ಕಾಣದಿರುವುದು ಪ್ರಾಣಾಪಾಯಕ್ಕೆ ಕಾರಣವಾಗಬಹುದು.
(ಆ) ಎತ್ತರ ಕಡಿಮೆಯಾದಲ್ಲಿ: ಅಂಚಿನಿಂದ ಏಳುವ ಸುಳಿಗಾಳಿಯು ನೇರವಾಗಿ ಹೆಲ್ಮೆಟ್ಟಿಗೆ ಬಡಿದು ತಲೆಯನ್ನು ಅಲುಗಾಡಿಸುತ್ತದೆ, ಸದ್ದೂ ಹೆಚ್ಚುತ್ತದೆ.

3. ಅಳತೆ ಮಾಡುವ ಕ್ರಮ
(ಅ) ಸಮತಟ್ಟಾದ ನೆಲದಲ್ಲಿ ವಾಹನವನ್ನು ನಿಲ್ಲಿಸಿ, ಹೆಲ್ಮೆಟ್ ಧರಿಸಿ, ಎಂದಿನ ಭಂಗಿಯಲ್ಲಿ ಕುಳಿತುಕೊಳ್ಳುವುದು. ಬೆನ್ನನ್ನು ವಿಶೇಷವಾಗಿ ನೆಟ್ಟಗೆ ಮಾಡಬಾರದು.
(ಆ) ಸಹಾಯಕರೊಬ್ಬರು ವಾಹನವನ್ನು ನೇರವಾಗಿ ಹಿಡಿದಿರಲಾಗಿ, ಮತ್ತೊಬ್ಬರು ಫಲಕ ಕೂರುವ ಸ್ಥಳದಿಂದ ಮೂಗಿನ ಮಟ್ಟದವರೆಗೆ ಟೇಪಿನಿಂದ ಅಳೆಯುವುದು.
(ಇ) ಅದೇ ಅಳತೆಯ ರಟ್ಟನ್ನು ಫಲಕದ ಓರೆಯಲ್ಲಿಯೇ ಹಿಡಿದು, ಅದರ ಮೇಲಿನಿಂದ ಮುಂದಿನ ರಸ್ತೆಯು ಸ್ಪಷ್ಟವಾಗಿ ಕಾಣುವುದೇ ಎಂದು ಪರಿಶೀಲಿಸುವುದು. ಈ ಪರೀಕ್ಷೆಯನ್ನು ನಿಂತ ವಾಹನದಲ್ಲಿ ಮಾತ್ರ ಮಾಡತಕ್ಕದ್ದು.
(ಈ) ಒಂದೇ ವಾಹನವನ್ನು ಇಬ್ಬರು ಬಳಸುವುದಾದರೆ ಕುಳ್ಳಗಿರುವವರ ಅಳತೆಯನ್ನು ಪರಿಗಣಿಸುವುದು. ಎತ್ತರದವರಿಗೆ ಗಾಳಿ ತುಸು ಹೆಚ್ಚು ತಗಲಬಹುದು. ಆದರೆ ಇಬ್ಬರಿಗೂ ರಸ್ತೆ ಕಾಣುತ್ತದೆ.

4. ಅಳವಡಿಸಿದ ನಂತರ
ಹ್ಯಾಂಡಲನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿದಾಗ ಫಲಕವು ತಾಗಬಾರದು. ಮುಂದಿನ ದೀಪ, ಸೂಚಕ ದೀಪಗಳು ಹಾಗೂ ನೋಂದಣಿ ಸಂಖ್ಯಾ ಫಲಕವು ಮರೆಯಾಗಬಾರದು. ಫಲಕವನ್ನು ನೀರು ಮತ್ತು ಮೃದು ಬಟ್ಟೆಯಿಂದ ಶುಚಿಗೊಳಿಸುವುದು, ಪೆಟ್ರೋಲ್ ಬಳಸಬಾರದು. ಗೀರು ಹೆಚ್ಚಾದ ಫಲಕವನ್ನು ಬದಲಾಯಿಸುವುದು.

5. ಕಾನೂನಿನ ಅಂಶಗಳು
ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತಹ ಮಾರ್ಪಾಡನ್ನು ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 52 ನಿರ್ಬಂಧಿಸುತ್ತದೆ. 2019ರ ತಿದ್ದುಪಡಿಯಿಂದ ಪರಿಷ್ಕೃತವಾದ ಕಲಂ 182ಎ ಅನ್ವಯ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರು ದಂಡನೆಗೆ ಒಳಗಾಗುತ್ತಾರೆ. ಆದುದರಿಂದ ವಾಹನ ತಯಾರಕರು ಆಯಾ ಮಾದರಿಗೆಂದೇ ಒದಗಿಸುವ ಫಲಕವನ್ನು ಆಯ್ಕೆ ಮಾಡುವುದು ಸೂಕ್ತ. ವಿಂಡ್‌ಶೀಲ್ಡ್ ಹೆಲ್ಮೆಟ್ಟಿಗೆ ಪರ್ಯಾಯವಲ್ಲ; ಕಲಂ 129ರಂತೆ ಹೆಲ್ಮೆಟ್ ಧರಿಸುವುದು ಕಡ್ಡಾಯ.

ಮಾರ್ಪಾಡಿನ ಬಗ್ಗೆ ಸಂದೇಹವಿದ್ದಲ್ಲಿ, ಫಲಕವನ್ನು ಖರೀದಿಸುವ ಮುನ್ನ ನೋಂದಣಿ ಪತ್ರದೊಂದಿಗೆ ಸಂಬಂಧಪಟ್ಟ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಬಹುದು.